ಫಾರ್ಮ್ಯಾಟ್ ಹೊಡೆಯುವ ಮೊದಲು

ತಮ್ಮಾ,

"ಮಾಮಾ, ನಾಳೆ ಗಜೇಂದ್ರಗಡಕ್ಕ ಬಂದು ಲ್ಯಾಪ್‌ಟಾಪಿಗೆ ಫಾರ್ಮ್ಯಾಟ್ ಹೊಡಿಸಿಕೊಂಡು ಹೋಗ್ತೀನಿ" ಅಂತ ನಿನ್ನೆ ರಾತ್ರಿ ನೀನು ಫೋನ್ ಮಾಡಿದಾಗ, "ರವಿವಾರದ ತನಕಾ ತಡಿ" ಅಂದುಬಿಟ್ಟೆ. ನಿನ್ನ ದನಿ ಸಪ್ಪಗಾದದ್ದು ನನಗೆ ಗೊತ್ತಾಯಿತು. ಬೆಂಗಳೂರಿನ ನಿಮ್ಮಣ್ಣ ಬಿಟ್ಟುಕೊಟ್ಟ ಆ ಲ್ಯಾಪ್‌ಟಾಪನ್ನು ಪಡಸಾಲೆಯಲ್ಲಿಟ್ಟುಕೊಂಡು ಲಕ್ಕಲಕಟ್ಟಿಯ ಮಂದಿಗೆ ಜಮೀನಿನ ಉತಾರ ತೆಗೆದುಕೊಡಬೇಕು, ಬೆಳೆವಿಮೆ ತುಂಬಿಕೊಡಬೇಕು, ಹುಡುಗರ ವಿದ್ಯಾರ್ಥಿವೇತನದ ಅರ್ಜಿ ಹಾಕಿಕೊಡಬೇಕು ಅನ್ನುವ ನಿನ್ನ ಹುರುಪು ನನಗೆ ಹಿಡಿಸಿದೆ. ಒಂದು ಉತಾರಕ್ಕಾಗಿ ಅರ್ಧ ದಿನದ ಕೂಲಿ ಬಿಟ್ಟು ಬಸ್ಸು ಹತ್ತುವ ವಯಸ್ಸಾದವರನ್ನು ನಾನು ದಿನಾ ನೋಡುತ್ತೇನೆ. ತಡಿ ಅಂದದ್ದು ಆ ಕೆಲಸಕ್ಕಲ್ಲ. ಹೊಡಿಸಿಕೊಂಡು ಹೋಗುತ್ತೇನೆ ಅಂದೆಯಲ್ಲ, ಆ ಮಾತಿಗೆ. ಈ ಕೆಲಸವನ್ನು ನೀನೇ ಮಾಡಬೇಕು, ನಿನ್ನ ಕೈಯಿಂದಲೇ. ಮಾಡುವ ಮೊದಲು ನಾಲ್ಕು ಮಾತು ನಿನ್ನ ಕಿವಿಗೆ ಹಾಕಬೇಕು. ಫೋನಿನಲ್ಲಿ ಹೇಳಿದರೆ ಅರ್ಧ ಮರೆತುಹೋಗುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ನಿನ್ನ ಲ್ಯಾಪ್‌ಟಾಪಿನ ಸಂಗತಿ. ಅದರೊಳಗಿರುವುದು ವಿಂಡೋಸ್ 10. ಮೈಕ್ರೋಸಾಫ್ಟ್ ಅದಕ್ಕೆ ಕೊಡುತ್ತಿದ್ದ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಹಾಕೋಣವೆಂದರೆ ಅದು ಟಿಪಿಎಂ 2.0 ಎಂಬ ಭದ್ರತೆಯ ಚಿಪ್ ಕೇಳುತ್ತದೆ, ಇಂಟೆಲ್ ಆದರೆ ಹೆಚ್ಚುಕಡಿಮೆ ಎಂಟನೇ ಪೀಳಿಗೆಯ ಪ್ರೊಸೆಸರಿನಿಂದ ಈಚಿನದನ್ನು ಮಾತ್ರ ಒಪ್ಪುತ್ತದೆ. ನಿನ್ನದು ಆರನೇ ಪೀಳಿಗೆಯದು. ಈ ತಪಾಸಣೆಯನ್ನು ದಾಟಿಸಿ ಹಾಕುವ ಉಪಾಯ ಇದೆ, ಬಜಾರಿನಲ್ಲಿ ಹಾಕಿಯೂ ಕೊಡುತ್ತಾರೆ. ಆದರೆ ಹಾಗೆ ಹಾಕಿದ ಯಂತ್ರಕ್ಕೆ ಅಪ್‌ಡೇಟ್ ಬಂದೇ ಬರುತ್ತದೆ ಎಂಬ ಖಾತ್ರಿಯನ್ನು ಮೈಕ್ರೋಸಾಫ್ಟ್ ಕೊಡುವುದಿಲ್ಲ. ನಿನ್ನೊಬ್ಬನ ಆಟಕ್ಕಾದರೆ ನಡೆದೀತು. ಊರಿನವರ ಆಧಾರ್ ನಂಬರು, ಬ್ಯಾಂಕ್ ಪಾಸ್‌ಬುಕ್ಕು, ಜಮೀನಿನ ಕಾಗದ ಓಡಾಡುವ ಯಂತ್ರಕ್ಕೆ ಅದು ತಕ್ಕದ್ದಲ್ಲ. ಕ್ರ್ಯಾಕ್ ಮಾಡಿದ ವಿಂಡೋಸ್ ಅಂತೂ ಬೇಡವೇ ಬೇಡ. ಬೀಗ ಮುರಿದುಕೊಟ್ಟವನ ಹತ್ತಿರ ಇನ್ನೊಂದು ಕೀಲಿ ಇರುತ್ತದೆ.

ನನ್ನ ಸಲಹೆ ಲಿನಕ್ಸ್ ಮಿಂಟ್. ಅದರ 22ನೇ ಆವೃತ್ತಿಗೆ 2029ರವರೆಗೆ ಅಪ್‌ಡೇಟ್ ಸಿಗುತ್ತದೆ. ನಿನ್ನ 4 ಜಿಬಿ ರ‍್ಯಾಮಿಗೆ ಅದರಲ್ಲೇ ಹಗುರವಾದ ಎಕ್ಸ್‌ಎಫ್‌ಸಿಇ ಎಂಬ ಬಗೆ ಸಾಕು. ಉತಾರ ತೆಗೆಯುವುದಕ್ಕೆ, ಅರ್ಜಿ ತುಂಬುವುದಕ್ಕೆ ಬೇಕಾದದ್ದು ಬ್ರೌಸರು ಮತ್ತು ಪ್ರಿಂಟರು. ಆ ಎರಡೂ ಅದರಲ್ಲಿ ನಡೆಯುತ್ತವೆ. ಪ್ರಿಂಟರನ್ನು ಮಾತ್ರ ಮೊದಲೇ ಜೋಡಿಸಿ ನೋಡಬೇಕು, ಆ ಮಾತು ಮುಂದೆ ಬರುತ್ತದೆ. ಲಿನಕ್ಸ್ ಅಂದರೆ ದೊಡ್ಡ ಪಟ್ಟಣದ ಎಂಜಿನಿಯರುಗಳ ಸರಕು ಅಂತ ಅಂಜಬೇಡ. ಕಾಸರಗೋಡಿನ ಕನ್ನಡ ಶಾಲೆಗಳ ಮಕ್ಕಳು ಕಂಪ್ಯೂಟರ್ ಕಲಿಯುವುದು ಕೇರಳದ ಕೈಟ್ ಸಂಸ್ಥೆ ಶಾಲೆಗಳಿಗಾಗಿ ಸಿದ್ಧಪಡಿಸಿದ ಲಿನಕ್ಸಿನಲ್ಲೇ. ಹೈಸ್ಕೂಲಿನ ಹುಡುಗರಿಗೆ ಒಗ್ಗಿದ್ದು ನಿನಗೆ ಒಗ್ಗದೇ ಇರುತ್ತದೆಯೇ?

ಈಗ ಯಂತ್ರವನ್ನು ಎಬ್ಬಿಸುವ ಬೂಟ್ ಡಿಸ್ಕಿನ ಮಾತಿಗೆ ಬರೋಣ. ಹೋದ ವರ್ಷ ನೀನು ಐಎಸ್‌ಒ ಕಡತವನ್ನು ಪೆನ್‌ಡ್ರೈವಿಗೆ ಕಾಪಿ ಮಾಡಿಕೊಂಡು, "ಬೂಟ್ ಆಗವಲ್ದು ಮಾಮಾ" ಅಂದಿದ್ದೆ. ನಾನು ಆಗ ಲಗ್ನದ ಗಡಿಬಿಡಿಯಲ್ಲಿದ್ದೆ, ಸರಿಯಾಗಿ ಹೇಳಲಿಲ್ಲ. ಬೀಜದ ಚೀಲವನ್ನು ಹೊಲದ ಬದುವಿನ ಮೇಲಿಟ್ಟು ಬಂದರೆ ಬಿತ್ತಿದ ಹಾಗೆ ಆಗುವುದಿಲ್ಲ. ಚೀಲ ಬಿಚ್ಚಿ, ಕೂರಿಗೆಯ ಬಟ್ಟಲಿಗೆ ಹಾಕಿ, ತಾಳಿನಿಂದ ಕಾಳು ಒಂದೊಂದಾಗಿ ಸಾಲಿಗೆ ಇಳಿಯಬೇಕು. ಐಎಸ್‌ಒ ಎನ್ನುವುದು ಇಡೀ ವ್ಯವಸ್ಥೆಯನ್ನು ತುಂಬಿ ಕಟ್ಟಿದ ಚೀಲ. ಅದರೊಳಗಿನ ಒಂದೊಂದು ತುಣುಕೂ ಪೆನ್‌ಡ್ರೈವಿನಲ್ಲಿ ಅದು ಇರಬೇಕಾದ ಜಾಗಕ್ಕೇ ಇಳಿಯಬೇಕು.

ಯಾಕೆಂದರೆ ಬಟನ್ ಒತ್ತಿದ ಕೂಡಲೇ ಕಂಪ್ಯೂಟರಿಗೆ ಏನೂ ಗೊತ್ತಿರುವುದಿಲ್ಲ. ಕಡತ ಅಂದರೇನು, ಫೋಲ್ಡರ್ ಅಂದರೇನು ಎಂಬುದೂ ಹಳೆಯ ಯಂತ್ರಗಳಿಗೆ ತಿಳಿಯದು. ಹಳೆಯ ಬಯೋಸ್ ಮಾಡುತ್ತಿದ್ದದ್ದು ಒಂದೇ ಕೆಲಸ: ಡಿಸ್ಕಿನ ಮೊಟ್ಟಮೊದಲ 512 ಬೈಟುಗಳನ್ನು ಓದುವುದು, ಕೊನೆಯ ಎರಡು ಬೈಟುಗಳಲ್ಲಿ 55, ಎಎ ಎಂಬ ಗುರುತು ಇದ್ದರೆ ಆ ತುಣುಕಿಗೆ ಅಧಿಕಾರ ಒಪ್ಪಿಸುವುದು. ಆ ತುಣುಕು ಇನ್ನೊಂದು ದೊಡ್ಡ ತುಣುಕನ್ನು ಎಬ್ಬಿಸುತ್ತದೆ, ಅದು ವ್ಯವಸ್ಥೆಯ ತಿರುಳಾದ ಕರ್ನೆಲನ್ನು ಎಬ್ಬಿಸುತ್ತದೆ, ಕರ್ನೆಲ್ ಇಡೀ ಮನೆಯನ್ನು ಎಬ್ಬಿಸುತ್ತದೆ. ನಿನ್ನ ಲ್ಯಾಪ್‌ಟಾಪಿನಲ್ಲಿರುವ ಯುಇಎಫ್‌ಐ ಸ್ವಲ್ಪ ತಿಳಿವಳಿಕೆ ಉಳ್ಳದ್ದು. ಅದಕ್ಕೆ ಫ್ಯಾಟ್ 32 ಓದಲು ಬರುತ್ತದೆ. ಇಎಫ್‌ಐ ಎಂಬ ಫೋಲ್ಡರಿನೊಳಗಿನ ಬೂಟ್ ಎಂಬ ಫೋಲ್ಡರಿನಲ್ಲಿ ತನಗೆ ಬೇಕಾದ ಹೆಸರಿನ ಕಡತ ಇದೆಯೇ ಎಂದು ಹುಡುಕುತ್ತದೆ. ನೀನು ಹಾಗೇ ಎಳೆದು ಹಾಕಿದ ಐಎಸ್‌ಒ ಅದರ ಕಣ್ಣಿಗೆ ಕಟ್ಟಿದ ಗಂಟು ಅಷ್ಟೇ. ಬಿಚ್ಚಿ ನೋಡುವಷ್ಟು ಕೈ ಅದಕ್ಕಿಲ್ಲ.

ನಮ್ಮ ಕಾಲದಲ್ಲಿ ಇದು ಫ್ಲಾಪಿ. ಬಸ್ ಸ್ಟ್ಯಾಂಡಿನ ಹತ್ತಿರ ನಾನು ಡಿಟಿಪಿ ಅಂಗಡಿ ಇಟ್ಟ ಹೊಸತರಲ್ಲಿ ವಿಂಡೋಸ್ 98 ಇತ್ತು. ನಮ್ಮೂರು ಆಗ ರೋಣ ತಾಲೂಕಿನಲ್ಲಿತ್ತು, ಗದಗ ಜಿಲ್ಲೆಯಾಗಿ ಇನ್ನೂ ಕೆಲವೇ ವರ್ಷ. ಕಂಟ್ರೋಲ್ ಪ್ಯಾನೆಲಿನಲ್ಲಿ ಸ್ಟಾರ್ಟಪ್ ಡಿಸ್ಕ್ ಎಂಬ ಟ್ಯಾಬ್ ಇರುತ್ತಿತ್ತು. 1.44 ಎಂಬಿಯ ಒಂದು ಫ್ಲಾಪಿ ಹಾಕಿದರೆ ಕರ್‌ಕರ್ ಅನ್ನುತ್ತ ಬರೆದುಕೊಡುತ್ತಿತ್ತು. ಆ ಫ್ಲಾಪಿಯಿಂದ ಎದ್ದ ಯಂತ್ರ, ಸಿಡಿ ಡ್ರೈವ್ ಬೇಕೋ ಬೇಡವೋ ಎಂದು ಮೊದಲು ಕೇಳುತ್ತಿತ್ತು. ಆಮೇಲೆ ತನ್ನ ಸಾಮಾನು ಬಿಚ್ಚಿಟ್ಟುಕೊಳ್ಳಲು ಮೆಮೊರಿಯಲ್ಲೇ ಒಂದು ಸಣ್ಣ ಡ್ರೈವ್ ಕಟ್ಟಿಕೊಳ್ಳುತ್ತಿತ್ತು. ಅದಕ್ಕೆ ಡಿ ಎಂಬ ಅಕ್ಷರ ಹೋಗಿಬಿಡುವುದು, ಸಿಡಿ ಡ್ರೈವ್ ಇ ಆಗಿಬಿಡುವುದು. ಇದು ತಿಳಿಯದೆ ಮೊದಲ ಸಲ ನಾನು ಒಂದು ಮಧ್ಯಾಹ್ನವಿಡೀ ಡಿ ಡ್ರೈವಿನಲ್ಲಿ ಸೆಟಪ್ ಹುಡುಕಿದ್ದೆ. ಡ್ರೈವಿನ ಅಕ್ಷರ ಜಾಗ ಬದಲಿಸುತ್ತದೆ ಎಂಬ ಪಾಠ ಅವತ್ತೇ ನನ್ನ ತಲೆಯಲ್ಲಿ ಕೂರಬೇಕಿತ್ತು. ಕೂರಲಿಲ್ಲ. ಅದಕ್ಕೆ ತೆತ್ತದ್ದನ್ನು ಆಮೇಲೆ ಹೇಳುತ್ತೇನೆ.

ಫ್ಲಾಪಿಯ ದೊಡ್ಡ ದೋಷ, ಅದು ಹೇಳದೆ ಕೇಳದೆ ಕೆಡುತ್ತಿತ್ತು. ಬೂಟ್ ಫ್ಲಾಪಿಯನ್ನು ಮಾಡಿದ ದಿನವೇ ಒಮ್ಮೆ ಅದರಿಂದ ಯಂತ್ರವನ್ನು ಎಬ್ಬಿಸಿ ನೋಡದೆ ಡಬ್ಬಿಗೆ ಹಾಕುತ್ತಿರಲಿಲ್ಲ. ಎರಡು ಪ್ರತಿ ಮಾಡುತ್ತಿದ್ದೆವು. ಎಕ್ಸ್‌ಪಿ ಬಂದಮೇಲೆ ಸಿಡಿಯಿಂದಲೇ ಬೂಟ್ ಆಗತೊಡಗಿತು. ಆದರೂ ಸಿಡಿಯಿಂದ ಏಳದ ಹಳೆಯ ಯಂತ್ರಗಳಿಗೆಂದು ಮೈಕ್ರೋಸಾಫ್ಟ್ ಆರು ಫ್ಲಾಪಿಗಳ ಒಂದು ಕಟ್ಟನ್ನು ಒದಗಿಸಿತ್ತು. ಆರನೆಯದರಲ್ಲಿ ಓದಲು ಆಗುತ್ತಿಲ್ಲ ಎಂದು ಬಂದರೆ ಮತ್ತೆ ಒಂದನೆಯದರಿಂದ ಶುರು. ಅಷ್ಟು ಕಷ್ಟ ನಿನಗಿಲ್ಲ. ನಿನಗಿರುವ ಅಪಾಯ ಬೇರೆ: ಈಗ ಎಲ್ಲವೂ ಹತ್ತು ನಿಮಿಷದಲ್ಲಿ ಮುಗಿಯುತ್ತದೆ. ಕೈ ಓಡಿದಷ್ಟು ಬೇಗ ತಲೆ ಓಡುವುದಿಲ್ಲ.

ಲಿನಕ್ಸ್ ನನ್ನ ಕೈಗೆ ಬಂದದ್ದು ಅಂಚೆಯಲ್ಲಿ. ಉಬುಂಟುವಿನವರು 2005ರಿಂದ 2011ರವರೆಗೆ, ಕೇಳಿದವರಿಗೆಲ್ಲ ಒಂದು ಪೈಸೆ ತೆಗೆದುಕೊಳ್ಳದೆ ಸಿಡಿ ಕಳಿಸುತ್ತಿದ್ದರು. ನಮ್ಮ ಕಡೆ ಆಗ ಇಂಟರ್‌ನೆಟ್ಟಿನಲ್ಲಿ 700 ಎಂಬಿ ಇಳಿಸಿಕೊಳ್ಳುವುದು ಆಗದ ಮಾತು. ದೇಶದಾಚೆಯಿಂದ ನನ್ನ ಹೆಸರಿಗೆ ಬಂದ ಆ ಲಕೋಟೆಯನ್ನು ಅಂಚೆಯವರು ಅಂಗಡಿಗೆ ತಂದುಕೊಟ್ಟಾಗ ಸುತ್ತಲಿನ ನಾಲ್ಕು ಅಂಗಡಿಯವರು ಬಂದು ನೋಡಿದರು. ಆ ಸಿಡಿಯಲ್ಲಿ ನನ್ನನ್ನು ಬೆರಗುಗೊಳಿಸಿದ್ದು ಒಂದು ಸಂಗತಿ. ಹಾರ್ಡ್ ಡಿಸ್ಕನ್ನು ಮುಟ್ಟದೆಯೇ ಅದು ಇಡೀ ಯಂತ್ರವನ್ನು ಎಬ್ಬಿಸಿ ಕೂರಿಸಿತು. ಇಷ್ಟವಾದರೆ ಇಟ್ಟುಕೋ, ಇಲ್ಲದಿದ್ದರೆ ಸಿಡಿ ತೆಗೆದು ನಿನ್ನ ದಾರಿ ಹಿಡಿ ಎಂಬಂತೆ. ಲೈವ್ ಎಂದು ಕರೆಯುವ ಈ ಒಂದು ಸೌಕರ್ಯ ಎರಡು ವರ್ಷ ಮೊದಲು ನನ್ನ ಕೈಯಲ್ಲಿದ್ದಿದ್ದರೆ ನಾನು ಕಳೆದುಕೊಂಡದ್ದನ್ನು ಕಳೆದುಕೊಳ್ಳುತ್ತಿರಲಿಲ್ಲ.

ಆ ಸಂಗತಿಯನ್ನು ನಿಮ್ಮವ್ವನಿಗೆ ಬಿಟ್ಟರೆ ಇನ್ನಾರಿಗೂ ಪೂರ್ತಿ ಹೇಳಿಲ್ಲ. ನಿಮ್ಮ ಆಯಿ, ನಮ್ಮವ್ವ, ಬೀಸುಕಲ್ಲಿನ ಮುಂದೆ ಕುಳಿತರೆ ಪದ ಹೇಳುವುದು ನಿಲ್ಲಿಸುತ್ತಿರಲಿಲ್ಲ. ಸೋಬಾನ ಪದ, ಜೋಗುಳ, ತವರಿನ ಪದ. ಓದು ಬರಹ ಬಾರದ ಆಕೆಗೆ ಎಷ್ಟು ಪದ ಬಾಯಿಗೆ ಬರುತ್ತಿದ್ದವೆಂದು ಎಣಿಸಿದವರಿಲ್ಲ. ಒಂದು ದೀಪಾವಳಿಯಲ್ಲಿ ಟೇಪ್ ರೆಕಾರ್ಡರ್ ತಂದು ಎರಡು ರಾತ್ರಿ ಕೂರಿಸಿಕೊಂಡು ನಾಲ್ಕು ಕ್ಯಾಸೆಟ್ ತುಂಬಿಸಿದ್ದೆ. ಆಮೇಲೆ ಅಂಗಡಿಗೆ ಕಂಪ್ಯೂಟರ್ ಬಂತು, ತಂತಿ ಜೋಡಿಸಿ ಕ್ಯಾಸೆಟ್ಟಿನ ದನಿಯನ್ನೆಲ್ಲ ಅದರೊಳಗೆ ಇಳಿಸಿದೆ. ಇನ್ನು ಕ್ಯಾಸೆಟ್ ಯಾಕೆ ಎಂದುಕೊಂಡೆವು. ಮನೆಯ ಹುಡುಗರು ಅವುಗಳ ಮೇಲೆ ಸಿನಿಮಾ ಹಾಡು ತುಂಬಿಸಿದರು. ನಾನೂ ಬೇಡ ಅನ್ನಲಿಲ್ಲ.

2006ರ ಬೇಸಿಗೆ, ಲಗ್ನದ ಸುಗ್ಗಿ. ಮೂರು ಲಗ್ನಪತ್ರಿಕೆಯ ಕೆಲಸ ಕೈಯಲ್ಲಿತ್ತು. ವೈರಸ್ ಹೊಕ್ಕು ಯಂತ್ರ ತೆವಳುತ್ತಿತ್ತು. ರಾತ್ರಿ ಕುಳಿತು ಎಕ್ಸ್‌ಪಿ ಮತ್ತೆ ಹಾಕಿಬಿಡೋಣವೆಂದುಕೊಂಡೆ. ಸಿ ಡ್ರೈವಿನಲ್ಲಿದ್ದ ಕೆಲಸದ ಕಡತಗಳನ್ನೆಲ್ಲ ಜೋಪಾನವಾಗಿ ಡಿ ಡ್ರೈವಿಗೆ ಹಾಕಿದೆ. ಅವ್ವನ ಪದ ಮೊದಲೇ ಡಿಯಲ್ಲಿದ್ದವು. ಸಿಡಿ ಹಾಕಿದೆ, ನೀಲಿ ಪರದೆ ಬಂತು, ಡಿಸ್ಕಿನ ಭಾಗಗಳ ಪಟ್ಟಿ ಬಂತು. 40 ಜಿಬಿಯ ಡಿಸ್ಕನ್ನು ನಾನು ಸರಿಅರ್ಧ ಮಾಡಿಟ್ಟಿದ್ದೆ, ಎರಡರ ಅಳತೆಯೂ ಹತ್ತಿರಹತ್ತಿರ ಒಂದೇ. ಸೆಟಪ್ ತನ್ನದೇ ಲೆಕ್ಕದಲ್ಲಿ ಅಕ್ಷರ ಕೊಟ್ಟಿತ್ತು. ವಿಂಡೋಸಿನೊಳಗೆ ಕಾಣುತ್ತಿದ್ದ ಸಿ ಅಲ್ಲಿ ಸಿ ಆಗಿರಲಿಲ್ಲ. ಅಕ್ಷರ ನಂಬಿ ಎಂಟರ್ ಒತ್ತಿದೆ. ಹಳದಿ ಪಟ್ಟಿ ಮೆಲ್ಲಗೆ ತುಂಬುತ್ತ ಹೋಯಿತು, ನಾನು ಚಹಾ ಕುಡಿಯುತ್ತ ನೋಡುತ್ತ ಕುಳಿತಿದ್ದೆ. ಬೆಳಗಿನ ನಾಲ್ಕು ಗಂಟೆಗೆ ಯಂತ್ರ ಎದ್ದಾಗ, ವೈರಸ್ ತುಂಬಿದ ಹಳೆಯ ಭಾಗ ಹಾಗೇ ಇತ್ತು. ಇನ್ನೊಂದರಲ್ಲಿ ಹೊಸ ಎಕ್ಸ್‌ಪಿ ಕುಳಿತಿತ್ತು.

ಅವತ್ತು ಅಲ್ಲೇ ಯಂತ್ರ ಆರಿಸಿ ಇಟ್ಟಿದ್ದರೂ ಸ್ವಲ್ಪ ಉಳಿಯುತ್ತಿತ್ತು. ಆ ಬಗೆಯ ಹಾರ್ಡ್ ಡಿಸ್ಕಿಗೆ ಎಕ್ಸ್‌ಪಿಯಲ್ಲಿ ಫಾರ್ಮ್ಯಾಟ್ ಹೊಡೆದ ಕೂಡಲೇ ಕಡತ ಸಾಯುವುದಿಲ್ಲ. ಅದರ ಮೇಲೆ ಬೇರೆ ಏನನ್ನಾದರೂ ಬರೆದಾಗಲೇ ಸಾಯುವುದು. ಫೋಟೊರೆಕ್ ಎಂಬ ಉಚಿತ ತಂತ್ರಾಂಶ ಅಂಥ ಡಿಸ್ಕಿನಿಂದ ಎಷ್ಟೋ ಫೋಟೊ, ಹಾಡುಗಳನ್ನು ಹೆಕ್ಕಿ ಕೊಡುತ್ತದೆ. ನನಗೆ ತಿಳಿಯಲಿಲ್ಲ. ಗಾಬರಿಯಲ್ಲಿ ಪೇಜ್‌ಮೇಕರ್ ಹಾಕಿದೆ, ಶ್ರೀಲಿಪಿ ಹಾಕಿದೆ, ನುಡಿ ಹಾಕಿದೆ. ಲಗ್ನಪತ್ರಿಕೆ ಮುಗಿಸಬೇಕಿತ್ತಲ್ಲ. ಒಂದೊಂದನ್ನು ಹಾಕಿದಾಗಲೂ ಅವ್ವನ ದನಿಯ ಮೇಲೆ ಮಣ್ಣು ಎಳೆಯುತ್ತ ಹೋದೆ. ಅವ್ವ ಅದಾಗಿ ಮೂರು ವರ್ಷಕ್ಕೆ ಹೋದಳು. ಇನ್ನೊಮ್ಮೆ ಪದ ಹೇಳಿಸಿಕೊಳ್ಳೋಣವೆಂದರೆ ಅಷ್ಟು ಹೊತ್ತಿಗೆ ಆಕೆಗೆ ಉಸಿರು ನಿಲ್ಲುತ್ತಿರಲಿಲ್ಲ, ಒಂದೇ ನುಡಿಗೆ ದಣಿಯುತ್ತಿದ್ದಳು.

ತಮ್ಮಾ, ಒಂದೇ ಡಿಸ್ಕಿನ ಎರಡು ಭಾಗ ಎರಡು ಡಿಸ್ಕಲ್ಲ. ಸಿಯಲ್ಲಿದ್ದದ್ದನ್ನು ಡಿಗೆ ಹಾಕಿದರೆ ಒಂದೇ ಹಗೇವಿನೊಳಗೆ ಚೀಲ ಸರಿಸಿಟ್ಟಂತೆ. ಹಗೇವಿಗೆ ನೀರು ಇಳಿದರೆ ಎರಡೂ ಹೋಗುತ್ತವೆ. ಬಿತ್ತಿಗೆಯ ಜೋಳವನ್ನು ನಿಮ್ಮ ಮುತ್ಯಾ ಹಗೇವಿನಲ್ಲಿ ಎಂದೂ ಇಡಲಿಲ್ಲ, ಬೂದಿ ಬೆರೆಸಿ ಮಣ್ಣಿನ ಗಡಿಗೆಯಲ್ಲಿ ಅಟ್ಟದ ಮೇಲಿಡುತ್ತಿದ್ದ. ನೀನೂ ಹಾಗೇ ಮಾಡು. ಲ್ಯಾಪ್‌ಟಾಪಿನಲ್ಲಿರುವುದನ್ನೆಲ್ಲ ಹೊರಗಿನ ಒಂದು ಡಿಸ್ಕಿಗೆ ಹಾಕು. ಹಾಕಿದ ಮೇಲೆ ಆ ಡಿಸ್ಕನ್ನು ಬೇರೊಂದು ಕಂಪ್ಯೂಟರಿಗೆ ಜೋಡಿಸಿ ನಾಲ್ಕಾರು ಫೋಟೊ, ಎರಡು ವಿಡಿಯೊ, ಒಂದು ಪಿಡಿಎಫ್ ತೆರೆದು ನೋಡು. ಕಾಪಿ ಆಯಿತು ಎಂಬ ಸಂದೇಶ ಬಂದರೆ ಸಾಲದು, ಕಡತ ತೆರೆದುಕೊಳ್ಳಬೇಕು. ಬೂಟ್ ಮಾಡುವ ಪೆನ್‌ಡ್ರೈವಿನಲ್ಲೇ ಬ್ಯಾಕಪ್ ಇಡಬೇಡ. ಬೂಟ್ ಡಿಸ್ಕ್ ಮಾಡುವಾಗ ಅದರಲ್ಲಿದ್ದದ್ದೆಲ್ಲ ಅಳಿಸಿಹೋಗುತ್ತದೆ.

ಲ್ಯಾಪ್‌ಟಾಪಿನಲ್ಲಿ ಕನ್ನಡದ ಕಡತಗಳಿದ್ದರೆ ಇನ್ನೊಂದು ಎಚ್ಚರ ಬೇಕು. ಇದನ್ನು ಬೆಂಗಳೂರಿನ ದೊಡ್ಡ ದೊಡ್ಡ ಸರ್ವೀಸ್ ಸೆಂಟರಿನಲ್ಲೂ ಯಾರೂ ಹೇಳುವುದಿಲ್ಲ. ನಿಮ್ಮಪ್ಪ ಭಜನಾ ಸಂಘದ ಲೆಕ್ಕವನ್ನೂ ಜಾತ್ರೆಯ ಕರಪತ್ರವನ್ನೂ ನನ್ನ ಅಂಗಡಿಯಲ್ಲೇ ಮಾಡಿಸಿ ಇಟ್ಟುಕೊಂಡಿದ್ದಾರೆ. ಅವೆಲ್ಲ ಹಳೆಯ ನುಡಿ ಫಾಂಟಿನಲ್ಲಿವೆ. ಕನ್ನಡ ಗಣಕ ಪರಿಷತ್ತು ನುಡಿಯನ್ನೂ, ಶೇಷಾದ್ರಿವಾಸು ಅವರು 1998ರಲ್ಲಿ ಬರಹವನ್ನೂ ಕೊಡದಿದ್ದರೆ ನಮ್ಮಂಥವರ ಅಂಗಡಿಗಳು ತೆರೆಯುತ್ತಲೇ ಇರಲಿಲ್ಲ, ಅವರ ಋಣ ದೊಡ್ಡದು. ಆದರೆ ಆ ಕಾಲದ ಫಾಂಟುಗಳಲ್ಲಿ ಕಡತದೊಳಗೆ ನಿಜವಾಗಿ ಇರುತ್ತಿದ್ದದ್ದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಸಂಕೇತ. ಕನ್ನಡದ ರೂಪ ಕೊಡುತ್ತಿದ್ದದ್ದು ಫಾಂಟು. ಹೊಸ ವ್ಯವಸ್ಥೆ ಹಾಕಿದಾಗ ಆ ಫಾಂಟು ಇಲ್ಲದಿದ್ದರೆ ಹದಿನೈದು ವರ್ಷದ ಲೆಕ್ಕ ಓದಲು ಬಾರದ ಗೀಚಾಗಿ ಕಾಣುತ್ತದೆ. ಕಡತ ಕೆಟ್ಟಿತೆಂದು ಜನ ಅಳಿಸಿಬಿಡುತ್ತಾರೆ. ಎಷ್ಟು ಸಂಘಗಳ ದಫ್ತರ ಹೀಗೆ ಹೋಯಿತೋ!

ಆದ್ದರಿಂದ ವಿಂಡೋಸ್ ಇನ್ನೂ ಬದುಕಿರುವಾಗಲೇ ಎರಡು ಕೆಲಸ ಮಾಡು. ಫಾಂಟ್ ಫೋಲ್ಡರಿನಿಂದ ನುಡಿ ಫಾಂಟುಗಳ ಕಡತಗಳನ್ನು ಬ್ಯಾಕಪ್ ಡಿಸ್ಕಿಗೆ ಹಾಕಿಕೋ. ಆಮೇಲೆ ಹಳೆಯ ಬರಹವನ್ನೆಲ್ಲ ಯೂನಿಕೋಡಿಗೆ ಪರಿವರ್ತಿಸು. ನುಡಿಯ ಜೊತೆಗೇ ಪರಿವರ್ತಕ ಇದೆ, ಅರವಿಂದ ವಿ.ಕೆ. ಎಂಬ ಕನ್ನಡಿಗರು ರೂಪಿಸಿದ ಪರಿವರ್ತಕ ಇಂಟರ್‌ನೆಟ್ಟಿನಲ್ಲಿ ಉಚಿತವಾಗಿ ಸಿಗುತ್ತದೆ. ಒತ್ತಕ್ಷರ, ಅರ್ಕಾವೊತ್ತು ಇರುವ ಕಡೆ ಒಮ್ಮೆ ಕಣ್ಣಾಡಿಸು. ಮೂಲ ಕಡತವನ್ನು ಮಾತ್ರ ಅಳಿಸಬೇಡ. ಲಿನಕ್ಸಿನಲ್ಲಿ ಕನ್ನಡ ಬರೆಯುವುದು ಹೇಗೆ ಎಂಬ ಚಿಂತೆಯೂ ಬೇಡ. ನುಡಿಯಲ್ಲಿ ನೀನು ಕಲಿತದ್ದು ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ. ಐಬಸ್ ಎಂಬ ಸೌಕರ್ಯದಲ್ಲಿ ಕೆಜಿಪಿ ಎಂಬ ಹೆಸರಿನಿಂದ ಅದೇ ವಿನ್ಯಾಸ ಸಿಗುತ್ತದೆ, ನಿನ್ನ ಬೆರಳು ಹೊಸದಾಗಿ ಏನನ್ನೂ ಕಲಿಯಬೇಕಿಲ್ಲ. ಪರಿವರ್ತಕ ಕೊಟ್ಟ ಅದೇ ಅರವಿಂದರು ಮಾಡಿದ ಗುಬ್ಬಿ, ನವಿಲು ಎಂಬ ಎರಡು ಚೆಂದದ ಫಾಂಟುಗಳೂ ಅಲ್ಲಿವೆ. ಕನ್ನಡಕ್ಕೆ ಯೂನಿಕೋಡಿನಲ್ಲಿ ಜಾಗ ಸಿಕ್ಕಿದ್ದು 1991ರಲ್ಲಿ, ಲಿನಸ್ ಟೊರ್ವಾಲ್ಡ್ಸ್ ತನ್ನ ಕರ್ನೆಲನ್ನು ಮೊದಲು ಹೊರಬಿಟ್ಟದ್ದೂ ಅದೇ ವರ್ಷ. ಎರಡೂ ಇಂದು ನಿನ್ನ ಪಡಸಾಲೆಯಲ್ಲಿ ಕೂಡಲಿವೆ ಎಂದರೆ ನನಗೆ ಸಂತೋಷವಾಗುತ್ತದೆ.

ಪೆನ್‌ಡ್ರೈವ್ 8 ಜಿಬಿಯದು ಸಾಕು, ಮಿಂಟಿನ ಐಎಸ್‌ಒ ಸುಮಾರು 3 ಜಿಬಿ. ಆದರೆ ಜಾತ್ರೆಯಲ್ಲೋ ಗಾಡಿಯ ಮೇಲೋ ಮಾರುವ ಅಗ್ಗದ್ದು ಬೇಡ. ಮೇಲೆ ಬರೆದ ಅಳತೆ ಒಂದು, ಒಳಗಿರುವುದು ಇನ್ನೊಂದು. ತುಂಬಿದ ಮೇಲೆ ಮೊದಲಿನದರ ಮೇಲೆಯೇ ಬರೆಯುವ ಖೋಟಾ ಮಾಲು ಬಹಳ ಇದೆ. ಐಎಸ್‌ಒವನ್ನು ಮಿಂಟಿನ ಅಧಿಕೃತ ತಾಣದಿಂದಲೇ ಇಳಿಸಿಕೋ, ಸ್ನೇಹಿತರ ಪೆನ್‌ಡ್ರೈವಿನಿಂದ ಬೇಡ. ಇಳಿದ ಮೇಲೆ ಎಸ್‌ಎಚ್‌ಎ 256 ಎಂಬ ಲೆಕ್ಕ ತಾಳೆ ನೋಡು. ವಿಂಡೋಸಿನ ಕಮಾಂಡ್ ಪ್ರಾಂಪ್ಟಿನಲ್ಲಿ ಸರ್ಟ್‌ಯುಟಿಲ್ ಎಂಬ ಆದೇಶ ಕೊಟ್ಟರೆ 64 ಅಕ್ಷರಗಳ ಒಂದು ಸಾಲು ಬರುತ್ತದೆ. ತಾಣದಲ್ಲಿ ಕೊಟ್ಟ ಸಾಲಿಗೂ ಇದಕ್ಕೂ ಒಂದಕ್ಷರ ಹೆಚ್ಚುಕಡಿಮೆ ಆದರೂ ಆ ಕಡತ ಬೇಡ. ಇದು ಬರೀ ಮಡಿವಂತಿಕೆಯಲ್ಲ. 2016ರ ಫೆಬ್ರವರಿ 20ರಂದು ದುಷ್ಕರ್ಮಿಗಳು ಮಿಂಟಿನ ತಾಣಕ್ಕೇ ನುಗ್ಗಿ, ಕಳ್ಳಬಾಗಿಲು ಇಟ್ಟ ಐಎಸ್‌ಒ ಇಳಿಯುವಂತೆ ಕೊಂಡಿ ಬದಲಿಸಿದ್ದರು. ಲೆಕ್ಕದ ಕಡತಕ್ಕೆ ಮಿಂಟಿನವರು ಡಿಜಿಟಲ್ ಸಹಿಯನ್ನೂ ಹಾಕಿರುತ್ತಾರೆ. ಅದನ್ನು ತಾಳೆ ನೋಡುವ ಕ್ರಮವನ್ನು ನೀನು ಬಂದಾಗ ಕೂತು ನೋಡೋಣ.

ಬರೆಯುವುದಕ್ಕೆ ರೂಫಸ್ ಎಂಬ ಸಣ್ಣ ತಂತ್ರಾಂಶ ಬಳಸು. ಮೊದಲ ಸಾಲಿನಲ್ಲಿ ಯಾವ ಡ್ರೈವಿಗೆ ಬರೆಯಬೇಕೆಂದು ಕೇಳುತ್ತದೆ. ಅಲ್ಲಿ ಬ್ಯಾಕಪ್ ಡಿಸ್ಕಿನ ಹೆಸರೂ ಬರಬಾರದು, ಅದಕ್ಕೆ ಅದನ್ನು ಮೊದಲೇ ಕಿತ್ತು ಒಳಗೆ ಇಟ್ಟು ಬಾ. ಡಿಸ್ಕಿನ ಭಾಗಗಳ ಬಗೆ ಕೇಳುವಲ್ಲಿ, ನಿನ್ನ ಯಂತ್ರ ಯುಇಎಫ್‌ಐ ಆದ್ದರಿಂದ ಜಿಪಿಟಿ ಎಂದು ಆರಿಸು. ಐಎಸ್‌ಒ ಬಗೆಯಲ್ಲಿ ಬರೆಯಲೋ ಡಿಡಿ ಬಗೆಯಲ್ಲಿ ಬರೆಯಲೋ ಎಂದು ಕೇಳಿದರೆ ಮೊದಲು ಐಎಸ್‌ಒ ಎನ್ನು, ಅದರಿಂದ ಏಳದಿದ್ದರೆ ಮಾತ್ರ ಇನ್ನೊಂದು. ನಡುವೆ ಕರೆಂಟ್ ಹೋದರೆ ಗಾಬರಿ ಬೇಡ, ಪೆನ್‌ಡ್ರೈವನ್ನು ಮತ್ತೊಮ್ಮೆ ಬರೆದರಾಯಿತು. ಕರೆಂಟಿಗೆ ಅಂಜಬೇಕಾದದ್ದು ಹಾರ್ಡ್ ಡಿಸ್ಕಿನ ಭಾಗಗಳ ಅಳತೆ ಬದಲಿಸುವಾಗ. ಆ ಕೆಲಸವನ್ನು ಬ್ಯಾಟರಿ ತುಂಬಿರುವಾಗ, ಚಾರ್ಜರ್ ಹಚ್ಚಿಟ್ಟುಕೊಂಡೇ ಮಾಡು.

ಈ ಪೆನ್‌ಡ್ರೈವಿನಿಂದ ಯಂತ್ರ ಎಬ್ಬಿಸುವುದಕ್ಕೂ ಮೊದಲು, ಲ್ಯಾಪ್‌ಟಾಪಿನ ಡಿಸ್ಕಿಗೆ ಬಿಟ್‌ಲಾಕರ್ ಎಂಬ ಬೀಗ ಹಾಕಿದ್ದಾರೋ ಎಂದು ನಿಮ್ಮಣ್ಣನನ್ನು ಕೇಳು. ಹಾಕಿದ್ದರೆ 48 ಅಂಕಿಯ ಒಂದು ಕೀಲಿ ಸಾಮಾನ್ಯವಾಗಿ ಅವನ ಮೈಕ್ರೋಸಾಫ್ಟ್ ಖಾತೆಯಲ್ಲಿರುತ್ತದೆ, ಅದನ್ನು ಕಾಗದದ ಮೇಲೆ ಬರೆಸಿಕೋ. ಬೂಟಿನ ಸೆಟ್ಟಿಂಗ್ ಬದಲಿಸಿದರೆ ವಿಂಡೋಸ್ ಮತ್ತೆ ಏಳುವಾಗ ಆ ಕೀಲಿ ಕೇಳಬಹುದು. ಕೊಡಲಾಗದಿದ್ದರೆ ಒಳಗಿನದು ಯಾರಿಗೂ ದಕ್ಕುವುದಿಲ್ಲ. ವಿಂಡೋಸನ್ನು ಸುಮ್ಮನೆ ಶಟ್‌ಡೌನ್ ಮಾಡಿದರೆ ಪೂರ್ತಿ ಮಲಗುವುದಿಲ್ಲ ಎಂಬುದೂ ನೆನಪಿರಲಿ. ಶಿಫ್ಟ್ ಒತ್ತಿ ಹಿಡಿದು ರೀಸ್ಟಾರ್ಟ್ ಎಂದರೆ, ಯಾವ ಸಾಧನದಿಂದ ಏಳಬೇಕು ಎಂದು ಕೇಳುವ ಪರದೆ ಬರುತ್ತದೆ. ಇಲ್ಲವಾದರೆ ಬಟನ್ ಒತ್ತಿದ ಕೂಡಲೇ ಡೆಲ್, ಲೆನೊವೊ ಆದರೆ ಎಫ್ 12, ಎಚ್‌ಪಿ ಆದರೆ ಎಸ್ಕೇಪ್ ಆಮೇಲೆ ಎಫ್ 9 ಒತ್ತುತ್ತಿರು.

ಎದ್ದ ಮೇಲೆ ಇನ್‌ಸ್ಟಾಲ್ ಎಂಬ ಚಿತ್ರ ಕಣ್ಣೆದುರಿಗೇ ಕಾಣುತ್ತದೆ. ಅದನ್ನು ಒತ್ತಬೇಡ. ಒಂದು ದಿನ ಪೂರ್ತಿ ಪೆನ್‌ಡ್ರೈವಿನಿಂದಲೇ ನಡೆಸು. ವೈಫೈ ಹಿಡಿಯುತ್ತದೆಯೇ? ಕೆಲವು ಬ್ರಾಡ್‌ಕಾಮ್ ಚಿಪ್ಪುಗಳಿಗೆ ಬೇರೆ ಡ್ರೈವರ್ ಬೇಕು. ಹಾಗಾದರೆ ಮೊಬೈಲನ್ನು ಕೇಬಲ್ಲಿನಿಂದ ಜೋಡಿಸಿ ಇಂಟರ್‌ನೆಟ್ ಕೊಟ್ಟು ಡ್ರೈವರ್ ತರಿಸಬಹುದು. ದನಿ ಕೇಳುತ್ತದೆಯೇ, ಪ್ರಿಂಟರು ಉತಾರವನ್ನು ಸರಿಯಾಗಿ ಒಗೆಯುತ್ತದೆಯೇ, ಬೆರಳಚ್ಚಿನ ಯಂತ್ರ ಬಳಸುವ ಕೆಲಸವಿದ್ದರೆ ಅದು ನಡೆಯುತ್ತದೆಯೇ ನೋಡು. ಇದೊಂದು ಮಾತ್ರ ತೊಡಕಾಗಬಹುದು. ಆ ಸಾಧನಗಳಲ್ಲಿ ಕೆಲವಕ್ಕೆ ವಿಂಡೋಸಿನ ಡ್ರೈವರಷ್ಟೇ ಇರುತ್ತದೆ. ಅದು ಬೇಕೇ ಬೇಕು ಎಂದಾದರೆ ನಮ್ಮ ಆಲೋಚನೆಯನ್ನೇ ಬದಲಿಸಬೇಕು. ವಿಂಡೋಸ್ 10ಕ್ಕೆ ನೋಂದಾಯಿಸಿಕೊಂಡವರಿಗೆ 2026ರ ಅಕ್ಟೋಬರ್‌ವರೆಗೆ ಭದ್ರತೆಯ ಅಪ್‌ಡೇಟ್ ಕೊಡುವ ಏರ್ಪಾಟು ಇದೆ. ಅಲ್ಲಿಯವರೆಗೆ ಅದರಲ್ಲೇ ನಡೆಸಿ ದುಡ್ಡು ಕೂಡಿಸಬಹುದು. ಇದೆಲ್ಲ ಅಳಿಸಿದ ಮೇಲೆ ಗೊತ್ತಾಗುವುದಕ್ಕಿಂತ ಅಳಿಸುವ ಮೊದಲು ಗೊತ್ತಾಗಲಿ.

ಎಲ್ಲ ಸರಿ ಇದ್ದು, ಹಾಕುವುದೇ ಎಂದು ನಿಶ್ಚಯವಾದಾಗ ಡಿಸ್ಕಿನ ಭಾಗಗಳ ಪಟ್ಟಿ ಬರುತ್ತದೆ. ಅಲ್ಲಿ ಕೈ ಕಟ್ಟಿಕೊಂಡು ಕೂರು. ಲಿನಕ್ಸಿನಲ್ಲಿ ಸಿ, ಡಿ ಎಂಬ ಅಕ್ಷರಗಳೇ ಇಲ್ಲ, ಎಸ್‌ಡಿಎ, ಎನ್‌ವಿಎಂಇ ಎಂಬ ಹೆಸರುಗಳಿರುತ್ತವೆ. ಪೆನ್‌ಡ್ರೈವೂ ಆ ಪಟ್ಟಿಯಲ್ಲಿ ಬಂದಿರುತ್ತದೆ. ಹೆಸರು ನಂಬಬೇಡ. ಅಳತೆ ನೋಡು, ಒಳಗೆ ಎಷ್ಟು ತುಂಬಿದೆ ನೋಡು, ಹಿಂದಿನ ದಿನವೇ ವಿಂಡೋಸಿನಲ್ಲಿ ನೋಡಿ ಕಾಗದದಲ್ಲಿ ಬರೆದಿಟ್ಟುಕೊಂಡ ಲೆಕ್ಕಕ್ಕೆ ಹೊಂದಿಸು. ಹೊಂದದಿದ್ದರೆ ಅಲ್ಲೇ ಆರಿಸಿ ಎದ್ದು ಬಾ, ಯಾವ ನಷ್ಟವೂ ಇಲ್ಲ. ರಾತ್ರಿ ಹತ್ತರ ಮೇಲೆ ಈ ಪರದೆಯ ಮುಂದೆ ಕೂರಲೇಬೇಡ. ಲಗ್ನ, ಅರ್ಜಿಯ ಕಡೆಯ ದಿನ, ಹಿಂಗಾರಿ ಬಿತ್ತಿಗೆ ಇವುಗಳ ನಡುವೆಯೂ ಬೇಡ.

ಕೆಲಸ ಮುಗಿದ ಮೇಲೆ ಪೆನ್‌ಡ್ರೈವನ್ನು ಸಿನಿಮಾ ತುಂಬಲು ಕೊಟ್ಟುಬಿಡಬೇಡ. ಅದಕ್ಕೊಂದು ಚೀಟಿ ಅಂಟಿಸು: ಏನಿದೆ, ಯಾವ ಆವೃತ್ತಿ, ಯಾವ ದಿನ ಬರೆದದ್ದು, ಎಬ್ಬಿಸಿ ನೋಡಿದ್ದೋ ಇಲ್ಲವೋ. ಊರಲ್ಲಿ ಯಾರದಾದರೂ ಯಂತ್ರ ಏಳದೆ ಮಲಗಿದರೆ, ಡಿಸ್ಕ್ ಗಟ್ಟಿ ಇದ್ದರೆ ಇದೇ ಪೆನ್‌ಡ್ರೈವಿನಿಂದ ಎಬ್ಬಿಸಿ ಅವರ ಮಕ್ಕಳ ಫೋಟೊಗಳನ್ನು ಹೊರತೆಗೆದುಕೊಡಬಹುದು. ಫಾರ್ಮ್ಯಾಟ್ ಹೊಡೆಯುವವರು ಬಜಾರಿನ ತುಂಬ ಇದ್ದಾರೆ. ಹೊಡೆಯುವ ಮೊದಲು "ಒಳಗ ಏನೇನೈತ್ರಿ?" ಎಂದು ಕೇಳುವವನು ನಮ್ಮೂರಲ್ಲಿ ಒಬ್ಬನಾದರೂ ಇರಲಿ ಎಂದು ನನಗೆ ಬಹಳ ದಿನದ ಆಸೆ.

ರವಿವಾರ ಮುಂಜಾನೆಯ ಬಸ್ಸಿಗೆ ಬಾ. ಚಾರ್ಜರ್, ನಿಮ್ಮಣ್ಣ ಹೇಳಿದ ಕೀಲಿ ಬರೆದ ಕಾಗದ, ಪೆನ್‌ಡ್ರೈವ್ ತಾ. ಹೊರಗಿನ ಡಿಸ್ಕ್ ನನ್ನ ಹತ್ತಿರ ಇದೆ. ನಾನು ಪಕ್ಕದಲ್ಲಿ ಕುಳಿತಿರುತ್ತೇನೆ, ಮೌಸ್ ಮುಟ್ಟುವುದಿಲ್ಲ. ನಿಮ್ಮವ್ವನನ್ನೂ ಕರೆದುಕೊಂಡು ಬಾ. ನಮ್ಮವ್ವನ ಪದಗಳಲ್ಲಿ ಹತ್ತಿಪ್ಪತ್ತಾದರೂ ಆಕೆಗೆ ಬರುತ್ತವೆ, ರೊಟ್ಟಿ ಬಡಿಯುವಾಗ ಗುನುಗುವುದನ್ನು ಕೇಳಿದ್ದೇನೆ. ಮೈಕು ತಂದಿಟ್ಟಿದ್ದೇನೆ. ಯಂತ್ರ ಎದ್ದು ದನಿ ಹಿಡಿಯುತ್ತದೋ ಇಲ್ಲವೋ ಎಂದು ನೋಡಬೇಕಲ್ಲ, ಅದಕ್ಕೆ ಆಕೆಯಿಂದಲೇ ಒಂದು ಪದ ಹೇಳಿಸೋಣ.

ನಿನ್ನ ಮಾಮಾ